ಶಾಲೆಗೆ ಕಂಪ್ಯೂಟರ್ ಬಂದರೆ ಮೇಷ್ಟ್ರು ಬೇಡವೆ?

(ಆನೇಕಲ್ ತಾಲ್ಲೂಕಿನ ಗ್ರಾಮವೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕೂಡಿದ ಪೋಷಕರ ಸಭೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮಾಡಿದ ಭಾಷಣ)



ಕಣದ ಕೆಲಸ ಮುಂದಿರುವಾಗ ಅದನ್ನು ಬಿಟ್ಟು ಇಷ್ಟು ಮಂದಿ ಶಾಲೆಯ ಅಂಗಳಕ್ಕೆ ಬಂದಿದ್ದೀರಿ. ಆದುದರಿಂದ ಪೀಠಿಕೆ ಹಾಕದೆ ವಿಷಯಕ್ಕೆ ಬರುತ್ತೇನೆ.

ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದು ಈ ಶಾಲೆಗೆ 20 ಕಂಪ್ಯೂಟರುಗಳನ್ನೂ ಗೋಡೆಗೆ ತಗುಲಿಸುವ ದೊಡ್ಡದೊಂದು ಸ್ಮಾರ್ಟ್ ಬೋರ್ಡನ್ನೂ ಕೊಡುತ್ತೇವೆಂದು ಮುಂದೆ ಬಂದಿದೆ. ಸಂತೋಷದ ಸಂಗತಿ. ಇದೇ ತಿಂಗಳಲ್ಲಿ ನಮ್ಮ ಗಣಿತದ ಮೇಷ್ಟ್ರು ವರ್ಗವಾಗಿ ಹೋದರು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಆರನೆಯ, ಏಳನೆಯ ತರಗತಿಗಳ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿದೆ. ಹೋದ ವಾರ ಅಶ್ವತ್ಥಕಟ್ಟೆಯ ಹತ್ತಿರ ನಾಲ್ಕು ಜನ ಮಾತಾಡಿಕೊಳ್ಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ಕಂಪ್ಯೂಟರೇ ಬರುತ್ತಲ್ಲ, ಇನ್ನು ಮೇಷ್ಟ್ರು ಬಂದರೆಷ್ಟು, ಬಿಟ್ಟರೆಷ್ಟು?" ಆ ಮಾತಿಗೆ ಉತ್ತರ ಹೇಳಬೇಕೆಂದೇ ಅಧ್ಯಕ್ಷರ ಅಪ್ಪಣೆ ಪಡೆದು ನಿಂತಿದ್ದೇನೆ.

ಹಾಗೆ ಅಂದವರ ಮೇಲೆ ನನಗೆ ಕೋಪವಿಲ್ಲ. ಆ ಮಾತಿನ ಹಿಂದಿರುವ ಆಸೆಯನ್ನು ನಾನು ಬಲ್ಲೆ. 1976ರಲ್ಲಿ ಕಿಯೋನಿಕ್ಸ್ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟುತ್ತೇನೆಂದು ಹೊರಟಾಗ ನಂಬಿದವರು ಕಡಿಮೆ. ಈಗ ಅದು ನಮ್ಮ ಕಣ್ಣ ಮುಂದಿದೆ. ವೈಟ್‌ಫೀಲ್ಡ್ ಕಡೆಯ ಪಟ್ಟಂದೂರು ಅಗ್ರಹಾರ, ಹೂಡಿ, ಕುಂದಲಹಳ್ಳಿಯವರೂ ಇದನ್ನೇ ಕಂಡರು. ಪೀಣ್ಯದ ಕಡೆಯವರು ಇನ್ನೂ ಮುಂಚೆಯೇ ಕಾರ್ಖಾನೆಗಳನ್ನು ಕಂಡರು. ಆ ಗಾಜಿನ ಕಟ್ಟಡಗಳ ಒಳಕ್ಕೆ ಈ ಸುತ್ತಿನ ಹಳ್ಳಿಯ ಮಕ್ಕಳು ಹೋಗುತ್ತಿಲ್ಲವೆಂದಲ್ಲ. ಕಾವಲು ಕೆಲಸಕ್ಕೆ ಹೋಗುತ್ತಾರೆ, ನೆಲ ಒರೆಸಲು ಹೋಗುತ್ತಾರೆ, ಕ್ಯಾಬ್ ಓಡಿಸುತ್ತಾರೆ. ಯಾವ ಕೆಲಸವೂ ಕೀಳಲ್ಲ. ಆದರೆ ನನ್ನ ಮಗ ಗೇಟಿನ ಹತ್ತಿರ ನಿಲ್ಲುವ ಬದಲು ಒಳಗೆ ಮೇಜಿನ ಮುಂದೆ ಕೂರಲಿ, ನನ್ನ ಮಗಳು ಅಲ್ಲಿ ಇಂಜಿನಿಯರ್ ಆಗಲಿ ಎಂದು ಯಾವ ತಂದೆತಾಯಿಗೆ ಅನ್ನಿಸುವುದಿಲ್ಲ? ಅಂಥವರಿಗೆ ಕಂಪ್ಯೂಟರೆಂಬುದು ಆ ಬಾಗಿಲಿನ ಬೀಗದ ಕೈಯಂತೆ ಕಾಣುತ್ತದೆ.

ಕೀಲಿಮಣೆ ಒತ್ತುವುದು, ಮೌಸ್ ಆಡಿಸುವುದು ಹದಿನೈದು ದಿನದ ವಿದ್ಯೆ. ಮೊಬೈಲು ಹಿಡಿದ ನಿಮ್ಮ ಮೊಮ್ಮಕ್ಕಳಿಗೆ ಅಷ್ಟೂ ಬೇಕಾಗಿಲ್ಲ. ಆದರೆ ಒಂದು ಪುಟ ಕನ್ನಡ ಓದಿ ಅದರ ಅರ್ಥ ಹೇಳುವುದು, ಲೆಕ್ಕವೊಂದನ್ನು ಕೊಟ್ಟರೆ ಕೂಡಬೇಕೋ ಕಳೆಯಬೇಕೋ ಎಂದು ತಾನೇ ಯೋಚಿಸುವುದು, ಇದು ವರ್ಷಗಳ ಕೆಲಸ. ಆ ಬಾಗಿಲನ್ನು ತೆರೆಯುವುದು ಈ ವಿದ್ಯೆ. ಇದನ್ನು ಯಾರು ಕಲಿಸುತ್ತಾರೆ ಎಂಬುದೇ ಇವತ್ತಿನ ಪ್ರಶ್ನೆ.

ಕಂಪ್ಯೂಟರ್ ಯಾವುದರಲ್ಲಿ ಗಟ್ಟಿ ಎಂಬುದನ್ನು ನೀವು ಶಾಲೆಯಲ್ಲಿ ಅಲ್ಲ, ತಾಲ್ಲೂಕು ಕಚೇರಿಯಲ್ಲಿ ನೋಡಿದ್ದೀರಿ. 2000-01ರ ಸುಮಾರಿಗೆ 'ಭೂಮಿ' ಯೋಜನೆ ಬಂದಿತು. ಅದುವರೆಗೆ ಪಹಣಿ ಬೇಕೆಂದರೆ ಗ್ರಾಮಲೆಕ್ಕಿಗರು ಎಲ್ಲಿದ್ದಾರೆಂದು ಹುಡುಕಬೇಕಾಗಿತ್ತು. ಸಿಕ್ಕಿದರೂ ಕೈ ಬಿಸಿ ಮಾಡದೆ ಕಾಗದ ಹೊರಡುತ್ತಿರಲಿಲ್ಲ ಎಂದು ಹಿರಿಯರು ಹೇಳುವುದುಂಟು. ಆಮೇಲೆ 15 ರೂಪಾಯಿ ಕಟ್ಟಿದರೆ ಅಚ್ಚಾದ ಪಹಣಿ ಕೈಗೆ ಬರುವಂತಾಯಿತು. ಬರೆದಿಡುವುದು, ಮರೆಯದಿರುವುದು, ಕೇಳಿದಾಗ ಬೇಸರಿಸದೆ ಮತ್ತೆ ಕೊಡುವುದು, ಇದರಲ್ಲಿ ಆ ಯಂತ್ರವನ್ನು ಮೀರಿಸುವ ಮನುಷ್ಯನಿಲ್ಲ. ಆದರೆ ಒಳಗೆ ತಪ್ಪು ಸೇರಿದ್ದರೆ? ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೆ, ಗುಂಟೆ ಏರುಪೇರಾದರೆ, ಆ ತಪ್ಪನ್ನೇ ಅದು ಅಂದವಾಗಿ ಅಚ್ಚುಹಾಕಿ ಕೊಡುತ್ತದೆ. ತಿದ್ದಿಸಲು ಎಷ್ಟು ಸಲ ಅಲೆದಿರಿ ಎಂಬುದು ನಿಮಗೇ ಗೊತ್ತು. ಜಮೀನು ನೋಡಿ ಬಲ್ಲ ಮನುಷ್ಯನೊಬ್ಬ ಬೇಕೇ ಬೇಕಾಯಿತು. ಪಹಣಿಯ ಪಾಡೇ ಹೀಗಿರುವಾಗ ಮಗುವಿನ ತಲೆಯೊಳಗಿನ ಲೆಕ್ಕದ ಪಾಡೇನು?

ಒಂದು ಉದಾಹರಣೆ ಕೊಡುತ್ತೇನೆ. 52ರಲ್ಲಿ 27 ಕಳೆ ಎಂದರೆ ಎಷ್ಟೋ ಮಕ್ಕಳು 35 ಎಂದು ಬರೆಯುತ್ತವೆ. ಯಂತ್ರ ಕೆಂಪು ಗುರುತು ತೋರಿಸಿ 'ತಪ್ಪು' ಎನ್ನುತ್ತದೆ. ಮಗು ಇನ್ನೊಂದು ಸಲ 35 ಎಂದೇ ಒತ್ತುತ್ತದೆ. ಅದಕ್ಕೆ ತನ್ನ ತಪ್ಪು ಯಾವುದೆಂದು ಗೊತ್ತಿಲ್ಲ; 2ರಲ್ಲಿ 7 ಹೋಗುವುದಿಲ್ಲವಲ್ಲ, ಆದ್ದರಿಂದ ತಿರುಗಿಸಿ 7ರಲ್ಲಿ 2 ಕಳೆದಿದೆ. ಅದರ ಮಟ್ಟಿಗೆ ಅದು ನ್ಯಾಯವೇ. ಅನುಭವಸ್ಥ ಉಪಾಧ್ಯಾಯರು ಸ್ಲೇಟು ನೋಡಿದೊಡನೆ ಇದನ್ನು ತಿಳಿಯುತ್ತಾರೆ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಬಿಡಿ ಕಡ್ಡಿ ಎರಡು ಇಟ್ಟು, "ಏಳು ಕಡ್ಡಿ ಕೊಡು ನೋಡೋಣ" ಎನ್ನುತ್ತಾರೆ. ಮಗು ಎರಡು ಕೊಟ್ಟು ಪೇಚಾಡುತ್ತದೆ. ಆಮೇಲೆ ತಾನೇ ಒಂದು ಕಟ್ಟು ಬಿಚ್ಚುತ್ತದೆ. ಆ ಕಟ್ಟು ಬಿಚ್ಚಿದ ಗಳಿಗೆಯೇ ಪಾಠ. ಈಗಿನ ಒಳ್ಳೆಯ ಕಂಪ್ಯೂಟರ್ ಪಾಠಗಳು ಇಂಥ ತಪ್ಪನ್ನು ಗುರುತಿಸುವ ಮಟ್ಟಕ್ಕೆ ಬಂದಿವೆ ಎಂಬುದನ್ನೂ ಹೇಳಬೇಕು, ಇಲ್ಲದ ದೂರು ಬೇಡ. ಆದರೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಬೆಳಗಿನ ಮೊದಲ ಗಂಟೆಯಲ್ಲಿ ಅವಳ ಲೆಕ್ಕವೆಲ್ಲ ತಪ್ಪು, ಊಟದ ಮೇಲೆ ಅದೇ ಲೆಕ್ಕ ಸರಿ. ವಿಚಾರಿಸಿದರೆ, ಅವಳು ಕತ್ತಲಿರುವಾಗಲೇ ಎದ್ದು ತಾಯಿಯ ಜೊತೆ ಸೇವಂತಿಗೆ ಬಿಡಿಸಿ, ಹೂ ಮಾರುಕಟ್ಟೆಗೆ ಕಳಿಸಿ ಶಾಲೆಗೆ ಬರುತ್ತಿದ್ದಳು. ಗಣಿತವನ್ನು ಮಧ್ಯಾಹ್ನಕ್ಕೆ ಹಾಕಿಕೊಂಡೆ. ಅಷ್ಟೇ ನಾನು ಮಾಡಿದ್ದು. ಯಾವ ಪರದೆಯ ಮೇಲೂ ಆ ಸೇವಂತಿಗೆ ತೋಟ ಕಾಣುತ್ತಿರಲಿಲ್ಲ.

ಇನ್ನು ನನ್ನದೇ ಅನುಭವ. ನಾನು ಕೆಲಸದಲ್ಲಿದ್ದ ಒಂದು ಶಾಲೆಗೂ ಹಿಂದೆ ಕಂಪ್ಯೂಟರುಗಳು ಬಂದವು. ಯಾವ ಶಾಲೆ, ಯಾವ ಕಂಪನಿ ಎಂಬುದು ಇಲ್ಲಿ ಬೇಡ. ಅವುಗಳ ಜೊತೆಗೇ ಗುತ್ತಿಗೆಯ ಮೇಲೆ ಒಬ್ಬ ಯುವಕನೂ ಬಂದ. ಒಳ್ಳೆಯ ಹುಡುಗ. ಆದರೆ ಅವನಿಗೆ ನಮ್ಮ ಪಾಠಪುಸ್ತಕ ಗೊತ್ತಿರಲಿಲ್ಲ, ನಮಗೆ ಅವನ ಯಂತ್ರ ಗೊತ್ತಿರಲಿಲ್ಲ. ನಾವು ಉಪಾಧ್ಯಾಯರು ಆ ಕೊಠಡಿಯನ್ನು 'ಅವರ ಕೊಠಡಿ' ಎಂದೇ ಕರೆಯುತ್ತಿದ್ದೆವು. ಗುತ್ತಿಗೆ ಮುಗಿಯಿತು, ಹುಡುಗ ಹೋದ. ಯುಪಿಎಸ್ ಬ್ಯಾಟರಿ ಸತ್ತಿತು, ಬದಲಿಸಲು ಹಣವಿಲ್ಲ. ಕಳ್ಳತನವಾದೀತೆಂದು ನಾನೇ ಬೀಗ ಹಾಕಿ ಬೀಗದ ಕೈಯನ್ನು ನನ್ನ ಬೀರುವಿನಲ್ಲಿಟ್ಟೆ. ಬಾಗಿಲು ತೆರೆದಾಗ ಪೆಟ್ಟಿಗೆಗಳ ಒಳಗೆ ಇಲಿ ಮರಿ ಹಾಕಿತ್ತು. ಇದರಲ್ಲಿ ನನ್ನ ಪಾಲಿನ ತಪ್ಪೂ ಇದೆ. ಕಲಿಯಬೇಕೆಂದು ನಾನೂ ಹಟ ಹಿಡಿಯಲಿಲ್ಲ.

ನಮ್ಮ ಒಂದು ಶಾಲೆಯದೇ ಕಥೆಯಾಗಿದ್ದರೆ ಇಲ್ಲಿ ಹೇಳುತ್ತಿರಲಿಲ್ಲ. 2001ರ ಹೊತ್ತಿಗೆ ಕರ್ನಾಟಕದಲ್ಲಿ 'ಮಾಹಿತಿ ಸಿಂಧು' ಎಂಬ ಯೋಜನೆ ಆರಂಭವಾಗಿ ಸುಮಾರು 1000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದಿತು. ಯಂತ್ರ ಹೂಡುವುದು, ಕಲಿಸುವುದು ಎರಡನ್ನೂ ಹೊರಗಿನ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟಿತ್ತು. ಅದೇ ಕಾಲದಲ್ಲಿ ಕೇರಳದವರು 'ಐಟಿ @ ಸ್ಕೂಲ್' ಎಂಬ ಯೋಜನೆ ಹಿಡಿದರು. ಅವರು ಬೇರೆ ದಾರಿ ತುಳಿದರು: ಮೊದಲು ಶಾಲೆಯ ಉಪಾಧ್ಯಾಯರಿಗೇ ತರಬೇತಿ ಕೊಟ್ಟರು, ಚೆನ್ನಾಗಿ ಕಲಿತವರನ್ನೇ ಉಳಿದವರಿಗೆ ಗುರುಗಳನ್ನಾಗಿ ಮಾಡಿದರು, ಕಾಸು ಕೊಡಬೇಕಾಗಿಲ್ಲದ ಮುಕ್ತ ತಂತ್ರಾಂಶ ಬಳಸಿದರು. ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆಯವರು ಎರಡನ್ನೂ ಹೋಲಿಸಿ ನೋಡಿದರು. ಅವರು ಕಂಡದ್ದು ನಮ್ಮ ಬೀಗದ ಕೊಠಡಿಯ ಸಂಗತಿಯನ್ನೇ: ಗುತ್ತಿಗೆ ಕೊಟ್ಟ ಕಡೆ ಅದು ಶಾಲೆಗೆ ಅಂಟಲಿಲ್ಲ, ಉಪಾಧ್ಯಾಯರು ಹಿಡಿದ ಕಡೆ ಬೇರು ಬಿಟ್ಟಿತು. ಮುಂದೆ ನಮ್ಮಲ್ಲೂ ಆ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಪ್ರೌಢಶಾಲೆಯ ಗಣಿತ, ವಿಜ್ಞಾನದ ಉಪಾಧ್ಯಾಯರನ್ನು ಒಂದುಗೂಡಿಸಿತು. ಅವರು ಜಿಯೋಜೀಬ್ರಾ ಎಂಬ ತಂತ್ರಾಂಶದಲ್ಲಿ ತ್ರಿಕೋಣವನ್ನು ಎಳೆದು ಹಿಗ್ಗಿಸಿ ಕುಗ್ಗಿಸಿ, ಹೇಗೆ ಎಳೆದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯೇ ಎಂದು ಮಕ್ಕಳಿಗೆ ಕಣ್ಣಾರೆ ತೋರಿಸಲು ಕಲಿತರು. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅದು ಆಗದ ಕೆಲಸ. ನಾನು ಯಂತ್ರದ ವಿರೋಧಿಯಲ್ಲ ಎಂದು ಹೇಳುವುದು ಇದಕ್ಕೇ.

ದೂರದ ಒಂದು ಮಾತು. ದಕ್ಷಿಣ ಅಮೆರಿಕದ ಪೆರು ದೇಶದ ಸರ್ಕಾರ ಮಕ್ಕಳಿಗೆ 8 ಲಕ್ಷಕ್ಕೂ ಮೇಲ್ಪಟ್ಟು ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 319 ಹಳ್ಳಿ ಶಾಲೆಗಳನ್ನು ಪರೀಕ್ಷಿಸಿ ನೋಡಿದರೆ ಗಣಿತದಲ್ಲೂ ಭಾಷೆಯಲ್ಲೂ ಮಕ್ಕಳು ಮುಂದೆ ಹೋಗಿರಲಿಲ್ಲ. ಯಂತ್ರ ಕೊಟ್ಟರು, ಅದನ್ನು ಹೇಗೆ ಪಾಠಕ್ಕೆ ಹಚ್ಚಬೇಕೆಂದು ಉಪಾಧ್ಯಾಯರಿಗೆ ಸಾಕಷ್ಟು ಹೇಳಿಕೊಡಲಿಲ್ಲ. ಇನ್ನೊಂದು ಕಡೆಯದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಒಂದೇ ತಟ್ಟೆ ತೂಗಿದಂತಾಗುತ್ತದೆ. ಗುಜರಾತಿನ ವಡೋದರೆಯಲ್ಲಿ 'ಪ್ರಥಮ್' ಸಂಸ್ಥೆಯವರು ನಾಲ್ಕನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ, ಇಬ್ಬರಿಗೊಂದು ಕಂಪ್ಯೂಟರಿನಂತೆ ಗಣಿತದ ಆಟ ಆಡಿಸಿದರು. 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮಕ್ಕಳ ಗಣಿತ ಚೆನ್ನಾಗಿಯೇ ಸುಧಾರಿಸಿತು. ಲೆಕ್ಕ ಮತ್ತೆ ಮತ್ತೆ ಮಾಡಿಸುವುದಕ್ಕೆ ಯಂತ್ರ ಒಳ್ಳೆಯದು. ಅದಕ್ಕೆ ಸಿಟ್ಟು ಬರುವುದಿಲ್ಲ, ಬೆತ್ತ ಹಿಡಿಯುವುದಿಲ್ಲ. ಆದರೆ ಆಟ ನಿಲ್ಲಿಸಿ ಒಂದು ವರ್ಷವಾದ ಮೇಲೆ ನೋಡಿದಾಗ ಆ ಲಾಭದ ಬಹುಪಾಲು ಕರಗಿಹೋಗಿತ್ತು. ಮಳೆ ನಿಂತ ಮೇಲೂ ತೇವ ಹಿಡಿದಿಡಬೇಕಾದರೆ ಹೊಲದಲ್ಲಿ ಬದು ಇರಬೇಕಲ್ಲವೆ?

ಈಗ ನಮ್ಮ ಸಮೀಪಕ್ಕೇ ಬರೋಣ. ಸರ್ಜಾಪುರದ ಪಕ್ಕ ಬುರುಗುಂಟೆಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ದೊಡ್ಡ ಕಟ್ಟಡಗಳನ್ನು ನೀವು ನೋಡಿರಬಹುದು. ವಿಪ್ರೊ ಕಂಪನಿಯ ಪ್ರೇಮ್‌ಜಿಯವರ ಹಣದಿಂದ ನಡೆಯುವ ಪ್ರತಿಷ್ಠಾನದ್ದು ಅದು. ಅಂದರೆ ಕಂಪ್ಯೂಟರಿನಿಂದ ಗಳಿಸಿದ ಹಣ. ಆ ಪ್ರತಿಷ್ಠಾನ ಮೊದಲ ವರ್ಷಗಳಲ್ಲಿ ಹಲವು ರಾಜ್ಯಗಳ ಸಾವಿರಾರು ಶಾಲೆಗಳಿಗೆ ಕಂಪ್ಯೂಟರಿನ ಮೇಲೆ ಆಡಿ ಕಲಿಯುವ ಪಾಠಗಳನ್ನು ತಯಾರಿಸಿ ಕೊಟ್ಟಿತು. ವರ್ಷಗಟ್ಟಲೆ ನಡೆಸಿ ನೋಡಿ, 2010ರಲ್ಲಿ ಅದರ ಮುಖ್ಯಸ್ಥರಾದ ಅನುರಾಗ್ ಬೇಹರ್ ಪತ್ರಿಕೆಯಲ್ಲಿ ಬಿಚ್ಚುಮನಸ್ಸಿನಿಂದ ಬರೆದರು: ಈ ಯಂತ್ರದ ಮೋಹ ಶಾಲೆಯ ನಿಜವಾದ ಕೊರತೆಗಳಿಂದ ನಮ್ಮ ಗಮನವನ್ನು ಬೇರೆ ಕಡೆಗೆ ಸೆಳೆಯುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ. ಆ ಪ್ರತಿಷ್ಠಾನ ಈಗ ಜಿಲ್ಲೆ ಜಿಲ್ಲೆಗಳಲ್ಲಿ ಉಪಾಧ್ಯಾಯರ ಜೊತೆ ಕೂತು ಕೆಲಸ ಮಾಡುತ್ತಿದೆ. ಎಣ್ಣೆ ಮಾರುವವನೇ ಬಂದು, "ಅಮ್ಮಾ, ಒಗ್ಗರಣೆ ಮಾತ್ರ ಸಾಲದು, ಬೇಳೆ ಬೇಯಿಸು" ಅಂದಂತೆ.

ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಕೆಂಟಾರೊ ತೊಯಾಮ ಎಂಬ ವಿಜ್ಞಾನಿ 2005ರಿಂದ ಕೆಲವು ವರ್ಷ ಇದ್ದರು. ಅವರೂ ಅವರ ಸಂಗಡಿಗರೂ ಹಳ್ಳಿಯ ಸರ್ಕಾರಿ ಶಾಲೆಗಳಿಗೆ ಹೋದಾಗ ಒಂದು ಕಂಪ್ಯೂಟರಿಗೆ ಹಲವು ಮಕ್ಕಳು ಮುತ್ತಿಕೊಂಡಿದ್ದರು. ಮೌಸ್ ಒಬ್ಬನ ಕೈಯಲ್ಲಿ, ಉಳಿದವರು ಭುಜದ ಮೇಲಿಂದ ಇಣುಕುವವರು. ಆ ಒಬ್ಬ ಯಾರೆಂದು ನೀವೇ ಊಹಿಸಬಲ್ಲಿರಿ. ಊರಿನಲ್ಲಿ ಯಾರ ಜೋರು ನಡೆಯುತ್ತದೋ ಅವರ ಮನೆಯ ಹುಡುಗ. ಅವರು ಒಂದೇ ಕಂಪ್ಯೂಟರಿಗೆ ಹಲವು ಮೌಸುಗಳನ್ನು ಹೊಂದಿಸಿ, ಮಗುವಿಗೊಂದು ಮೌಸ್ ಕೊಟ್ಟರು. ಅಗ್ಗದ ಉಪಾಯ, ಮಕ್ಕಳು ಹಿಗ್ಗಿದರು. ಆದರೂ ಯಾರು ಮುಂಚೆ ಒತ್ತುತ್ತಾರೋ ನೋಡೋಣ ಎಂಬ ಓಟದ ಆಟವಾದಾಗ ಹುಡುಗರು ಯೋಚಿಸದೆ ಒತ್ತತೊಡಗಿದರು. ಎಲ್ಲರೂ ಒಪ್ಪಿದ ಮೇಲೆ ಮುಂದಕ್ಕೆ ಹೋಗುವ ಆಟವಾದಾಗ ಮಾತಾಡಿಕೊಂಡು ಕಲಿತರು. ಇಂಥ ಅನೇಕ ಪ್ರಯೋಗ ಮಾಡಿದ ತೊಯಾಮ ಅವರು 2015ರಲ್ಲಿ ಒಂದು ಪುಸ್ತಕ ಬರೆದು ಹೇಳಿದ್ದು ಇಷ್ಟು: ಯಂತ್ರ ಇದ್ದುದನ್ನು ಹೆಚ್ಚಿಸುತ್ತದೆ, ಇಲ್ಲದ್ದನ್ನು ತರುವುದಿಲ್ಲ. ನಡೆಯುವ ಶಾಲೆಯನ್ನು ಚೆನ್ನಾಗಿ ನಡೆಸುತ್ತದೆ, ಕುಂಟುವ ಶಾಲೆಯನ್ನು ಎತ್ತಿ ನಿಲ್ಲಿಸುವುದಿಲ್ಲ. ನಮ್ಮ ರಾಗಿ ಲಕ್ಷ್ಮಣಯ್ಯನವರು ಆಫ್ರಿಕದ ತಳಿ ಕೂಡಿಸಿ ಇಂಡಾಫ್ ರಾಗಿ ಕೊಟ್ಟಾಗಲೂ ಹಾಗೆಯೇ. ಬೀಜ ಬಂಗಾರದಂಥದು. ಉಳದೆ, ಗೊಬ್ಬರ ಹಾಕದೆ, ಕಳೆ ಕೀಳದೆ ಎರಚಿದವನಿಗೆ ಅದೇನು ಕೊಟ್ಟೀತು?

"ಕಂಪ್ಯೂಟರಾದರೆ ಪ್ರತಿ ಮಗುವೂ ತನ್ನ ತನ್ನ ವೇಗದಲ್ಲಿ ಕಲಿಯುತ್ತದೆ" ಎಂದು ಕಂಪನಿಯವರ ಕಾಗದದಲ್ಲಿ ಬರೆದಿದೆ. ಒಳ್ಳೆಯ ತತ್ವ. ಆದರೆ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಉಪಾಧ್ಯಾಯರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ಕಾರ್ಡುಗಳನ್ನು ತಯಾರಿಸಿ 'ನಲಿ-ಕಲಿ' ಆರಂಭಿಸಿದರು. ಮಗು ಏಣಿಯ ಮೆಟ್ಟಿಲಿನಂತೆ ಒಂದು ಕಾರ್ಡು ಮುಗಿಸಿ ಮುಂದಿನದಕ್ಕೆ ಹೋಗುತ್ತದೆ. ಜ್ವರ ಬಂದು ಎರಡು ವಾರ ತಪ್ಪಿಸಿಕೊಂಡರೂ ಬಿಟ್ಟಲ್ಲಿಂದ ಹಿಡಿಯುತ್ತದೆ. ಅದು ಇಡೀ ರಾಜ್ಯಕ್ಕೆ ಹರಡಿತು. ನಿಮ್ಮ ಮಕ್ಕಳೂ ಒಂದರಿಂದ ಮೂರನೆಯ ತರಗತಿಯವರೆಗೆ ಅದರಲ್ಲಿ ಕಲಿತವರೇ. ರಟ್ಟಿನ ಕಾರ್ಡಿಗೆ ವಿದ್ಯುತ್ತು ಬೇಕಾಗಲಿಲ್ಲ. ಮಕ್ಕಳ ಮಧ್ಯೆ ನೆಲದ ಮೇಲೆ ಕೂರುವ ಉಪಾಧ್ಯಾಯರು ಬೇಕಾಯಿತು.

2020ರ ಮಾರ್ಚಿಯಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದ್ದನ್ನು ನಾನು ನೆನಪಿಸಬೇಕಾಗಿಲ್ಲ. ಪಾಠ ಮೊಬೈಲಿಗೆ ಬಂದಿತು, ಚಂದನ ವಾಹಿನಿಗೂ ಬಂದಿತು. ಮನೆಯಲ್ಲಿ ಇದ್ದ ಒಂದು ಮೊಬೈಲು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಸಂಜೆ ಬಂದರೆ ಅಣ್ಣನ ಕೈಗೆ, ತಂಗಿಗೆ ಉಳಿದರೆ ಉಂಟು. ಆಗಸ್ಟಿನಲ್ಲಿ ಸರ್ಕಾರ 'ವಿದ್ಯಾಗಮ' ಎಂಬ ಕಾರ್ಯಕ್ರಮ ಹೊರಡಿಸಿತು. ಉಪಾಧ್ಯಾಯರೇ ಊರೂರಿಗೆ ಹೋಗಿ ದೇವಸ್ಥಾನದ ಜಗಲಿಯಲ್ಲಿ, ಸಮುದಾಯ ಭವನದಲ್ಲಿ, ಮರದ ನೆರಳಲ್ಲಿ ಸಣ್ಣ ಸಣ್ಣ ಗುಂಪು ಮಾಡಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, 2021ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಆ ದಿನಗಳಲ್ಲಿ, "ಮೊಬೈಲಿನಲ್ಲಿ ಬರುತ್ತಲ್ಲ, ಮೇಷ್ಟ್ರು ಯಾಕೆ?" ಎಂದು ಈ ಊರಿನಲ್ಲಿ ಒಬ್ಬರೂ ಕೇಳಲಿಲ್ಲ. ಮೇಷ್ಟ್ರು ಬಂದರೆಂದು ಮನೆ ಮನೆಯಿಂದ ಚಾಪೆ ತಂದು ಹಾಸಿದಿರಿ.

ಈಚೆಗೆ ಕೃತಕ ಬುದ್ಧಿಮತ್ತೆ ಬಂದಿದೆ. ಹುಡುಗರು ಮೊಬೈಲನ್ನು ಕೇಳಿ ಪ್ರಬಂಧ ಬರೆಸಿಕೊಂಡು ಬರುತ್ತಾರೆ, ಅಕ್ಷರವೂ ತಪ್ಪಿರುವುದಿಲ್ಲ. ನನ್ನ ಮೊಮ್ಮಗನೂ ಹಾಗೆ ತಂದ. "ಇದರಲ್ಲಿ 'ಪರಿಣಾಮಕಾರಿ' ಅಂತ ಬರೆದಿದೆಯಲ್ಲ, ಹಾಗೆಂದರೇನಪ್ಪ?" ಎಂದೆ. ಹುಡುಗ ಮತ್ತೆ ಮೊಬೈಲಿಗೆ ಕೈ ಹಾಕಿದ.

ಇನ್ನು ಕೆಲಸದ ಮಾತು. ಕಂಪನಿ ಕೊಡುವುದು ಕೇವಲ ಭಿಕ್ಷೆಯೆಂದು ತಲೆ ತಗ್ಗಿಸಬೇಡಿ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡತಕ್ಕದ್ದು, ವಿದ್ಯಾಭ್ಯಾಸವೂ ಅದರಲ್ಲಿ ಸೇರಿದೆ. ಹಾಗೆಂದು ಜಗಳಕ್ಕೆ ನಿಲ್ಲಬೇಕಾಗಿಯೂ ಇಲ್ಲ. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು, ಸುಳಿ, ನಡಿಗೆ ನೋಡುವ ನೀವು ಇದನ್ನೂ ನೋಡಿ ತೆಗೆದುಕೊಳ್ಳಿ. ಶಾಲಾಭಿವೃದ್ಧಿ ಸಮಿತಿಯವರು ಕಂಪನಿಯವರನ್ನು ವಿನಯದಿಂದಲೇ ಕೇಳಲಿ: ನಮ್ಮ ಉಪಾಧ್ಯಾಯರಿಗೇ ತರಬೇತಿ ಕೊಡುತ್ತೀರಾ, ಅದೂ ಒಂದು ದಿನದ್ದಲ್ಲ, ವರ್ಷದುದ್ದಕ್ಕೂ? ಪಾಠಗಳು ಕನ್ನಡದಲ್ಲಿ, ನಮ್ಮ ಪಠ್ಯಕ್ಕೆ ಹೊಂದಿ ಇರುತ್ತವೆಯೇ? ಐದು ವರ್ಷದ ರಿಪೇರಿ, ಬ್ಯಾಟರಿ ಖರ್ಚು ಯಾರದೆಂದು ಬರವಣಿಗೆಯಲ್ಲಿ ಕೊಡುತ್ತೀರಾ? ಕೊಠಡಿಯ ಬೀಗದ ಕೈ ಬೀರುವಿನಲ್ಲಿ ಅಲ್ಲ, ಪಾಠ ಹೇಳುವವರ ಜೇಬಿನಲ್ಲಿ ಇರಲಿ. ಹೆಣ್ಣುಮಕ್ಕಳಿಗೂ ಸರದಿಯ ಪ್ರಕಾರ ಸಿಗುವಂತೆ ತಾಯಂದಿರು ಆಗಾಗ ಬಂದು ನೋಡಲಿ. ಇನ್ನೊಂದು ಮಾತು: ಈಗಾಗಲೇ ಮಕ್ಕಳ ವಿವರ, ಊಟದ ಲೆಕ್ಕ, ಆ ನಮೂನೆ ಈ ನಮೂನೆ ಎಂದು ಕಂಪ್ಯೂಟರಿಗೆ ತುಂಬಿಸಿ ತುಂಬಿಸಿ ಮುಖ್ಯೋಪಾಧ್ಯಾಯರು ಗುಮಾಸ್ತರಾಗಿದ್ದಾರೆ. ಹೊಸ ಯಂತ್ರವೂ ಅದಕ್ಕೇ ಮೀಸಲಾಗದಂತೆ ನೋಡಿಕೊಳ್ಳಿ.

ಇದಕ್ಕಿಂತ ಮೊದಲು ಆಗಬೇಕಾದ್ದು ಗಣಿತದ ಮೇಷ್ಟ್ರು ಬರುವುದು. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಸ್ಪಷ್ಟವಾಗಿ ಇದೆ: ಆರರಿಂದ ಎಂಟನೆಯ ತರಗತಿಗಳಿಗೆ ತರಗತಿಗೆ ಒಬ್ಬರಂತೆ ಉಪಾಧ್ಯಾಯರು ಇರಬೇಕು, ವಿಜ್ಞಾನ ಮತ್ತು ಗಣಿತಕ್ಕೆಂದು ಒಬ್ಬರಾದರೂ ಇರಬೇಕು, 35 ಮಕ್ಕಳಿಗೆ ಒಬ್ಬರಿಗಿಂತ ಕಡಿಮೆಯಾಗಬಾರದು. ಐದನೆಯ ತರಗತಿಯವರೆಗೆ 60 ಮಕ್ಕಳಿದ್ದರೂ ಇಬ್ಬರು ಇರಲೇಬೇಕು. ಇದು ಯಾರೋ ದಯೆಯಿಂದ ಕೊಡುವುದಲ್ಲ.

ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಂದು ಅರ್ಜಿ ಬರೆದು ತಂದಿದ್ದೇನೆ. ಅಧ್ಯಕ್ಷರ ಮುಂದಿನ ಮೇಜಿನ ಮೇಲಿದೆ. ಓದಿಸಿ ಕೇಳಿ, ಒಪ್ಪಿಗೆಯಾದರೆ ಸಹಿ ಹಾಕಿ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಆನೇಕಲ್ಲಿಗೆ ಹೋಗೋಣ. ನಾನಂತೂ ಬರುತ್ತೇನೆ, ನನ್ನ ಜೊತೆ ಬರುವ ನಾಲ್ವರು ಯಾರೆಂದು ಈಗಲೇ ಹೇಳಿದರೆ ಒಳ್ಳೆಯದು. ಕಂಪನಿಯವರು ಬುಧವಾರ ಬರುತ್ತಾರೆ, ಅವರೊಡನೆ ಆಡುವ ಮಾತು ಆಮೇಲೆ.

ಡೇರಿಗೆ ಹಾಲು ಹಾಕುವ ಹೊತ್ತಾಯಿತು.